ಮತ್ತು ಸಂಗಡಿಗರು

ಅಂದು ಮತದಾರರ ದಿನ. ನಮ್ಮ ತಾಲೂಕು ಕಚೇರಿಯ ಸಭಾಭವನದಲ್ಲಿ ಒಂದು ಹಳೆಯ ಫೋಟೋದ ದೊಡ್ಡ ಬ್ಯಾನರ್ ಕಟ್ಟಿದ್ದೆವು...

ದೇಶದ ಮೊದಲ ಚುನಾವಣೆಯ ಹೊತ್ತಿಗೆ ಊರೂರು ತಿರುಗಿ ಹಾಡಿದ ಗೀಗೀ ಮೇಳ. ಮುಂದೆ ಡಪ್ಪು ಹಿಡಿದ ಗಂಡಸು, ಹಿಂದೆ ಇಬ್ಬರು ಹುಡುಗಿಯರು.

ಕೆಳಗೆ 'ಯಮನಪ್ಪ ಮತ್ತು ಸಂಗಡಿಗರು' ಎಂದು ಬರೆಸಿದವಳು, ಕಚೇರಿಯ ಗುಮಾಸ್ತೆಯಾದ ನಾನೇ. ಹಿಂದೆ ನಿಂತವರ ಹೆಸರು ಹುಡುಕುವ ಉಸಾಬರಿ ಯಾರಿಗೆ ಬೇಕಿತ್ತು?

ಕಾರ್ಯಕ್ರಮ ಶುರುವಾದರೂ ಒಬ್ಬ ಅಜ್ಜಿ ಮಾತ್ರ ಆ ಬ್ಯಾನರ್ ಮುಂದಿನಿಂದ ಕದಲಲಿಲ್ಲ.

"ಆಯಿ, ಕುರ್ಚಿ ಮ್ಯಾಲ ಕೂಡ್ರಿ" ಎಂದೆ.

"ಎಡಕ್ಕ ನಿಂತಾಕಿ ನಾನವಾ... ಬಲಕ್ಕಿದ್ದಾಕಿ ನಮ್ಮಕ್ಕ. ಮೂವರೊಳಗ ನಾ ಒಬ್ಬಾಕಿನ ಉಳದೀನಿ."

ನಾನು ಫೋಟೋವನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿದೆ. ಅಜ್ಜಿಯೇ ಮುಂದುವರಿಸಿದರು:

"ಆಗ ಹೆಣ್ಮಕ್ಕಳು ತಮ್ಮ ಹೆಸರ ಹೇಳತಿರಲಿಲ್ಲ. ಓಟಿನ ಪಟ್ಟಿಯೊಳಗ ಇಂಥವನ ಹೇಂತಿ, ಇಂಥವನ ಅವ್ವ ಅಂತ ಬರಸತಿದ್ರು. ಹಂಗ ಬರಸಿದ್ರ ಓಟಿಲ್ಲ ಅಂದ್ರು ಸರಕಾರದವ್ರು. ಅದಕ್ಕ ನಾವು ಹಾಡಕೋತ ಹ್ವಾದ್ವಿ..."

ತಹಶೀಲ್ದಾರರಿಗೆ ಸುದ್ದಿ ಮುಟ್ಟಿತು. ಮೈಕು ಅಜ್ಜಿಯ ಕೈಗೆ ಬಂತು.

"ಗಂಡನ ಹೆಸರು ಸಾಕವ್ವಾ... ನಿನ್ನ ಹೆಸರು ಹೇಳವ್ವಾ..."

ತೊಂಬತ್ತರ ಹತ್ತಿರದ ದನಿ. ನಡುಗುತ್ತಿತ್ತು, ಆದರೆ ಶ್ರುತಿ ತಪ್ಪಿರಲಿಲ್ಲ.

ಒಂದೇ ಸಾಲು ಹಾಡಿ ಅಜ್ಜಿ ನಿಂತುಬಿಟ್ಟರು... ಅಭ್ಯಾಸಬಲ. ಅಲ್ಲಿ ಹಿಮ್ಮೇಳದವರು "ಗೀಯ ಗೀಯ" ಎಂದು ಎತ್ತಿಕೊಳ್ಳಬೇಕು.

ಇಡೀ ಸಭೆ ಸುಮ್ಮನಿತ್ತು. ಎತ್ತಿಕೊಳ್ಳುವವರು ಯಾರಿದ್ದರು?

ಅಜ್ಜಿ ಮೈಕು ಕೆಳಗಿಳಿಸಿದರು. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ಆಯಿ, ನಿಮ್ಮ ಹೆಸರೇನ್ರಿ?" ಎಂದು ಕೇಳಿದೆ.

ಅಷ್ಟು ಕೇಳಿದ್ದಕ್ಕೇ ಅವರ ಕಣ್ಣು ತುಂಬಿ ಬಂತು.

"ಎಲ್ಲಾರೂ ಆಯಿ ಅಂತಾರವಾ... ಹೆಸರ ಹಿಡದ ಕರಿಯಾಕಿ ನಮ್ಮಕ್ಕ ಒಬ್ಬಾಕಿ ಇದ್ಲು. ಆಕಿ ಹೋಗಿ ಹನ್ನೊಂದ ವರ್ಷ ಆತು. ಅಲ್ಲಿಂದ ಇಲ್ಲೀತನಕ ನನ್ನ ಹೆಸರು ನನ್ನ ಕಿವಿಗೆ ಬಿದ್ದಿಲ್ಲ."

ನಾನು ಅಲ್ಲೇ ಅತ್ತುಬಿಟ್ಟೆ. ನಾಚಿಕೆಯೂ ಆಯಿತು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದರು. ಸಭೆಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ಕಸ್ತೂರೆವ್ವ. ನಮ್ಮಕ್ಕ, ದುಂಡವ್ವ. ಬರ್ಕೋರಿ."

*ದೇಶ ಕಟ್ಟಿದ ಹಾಡಿಗೆ ಹಿಮ್ಮೇಳ ಕೊಟ್ಟವರಿಗೂ ಒಂದೊಂದು ಹೆಸರಿತ್ತು.*

ನಿಮ್ಮ ಓಣಿಯಲ್ಲಿ ಒಬ್ಬರೇ ಇರುವ ಆ ಅಜ್ಜಿಯ ಹೆಸರೇನು... ಎಂದಾದರೂ ಕೇಳಿದ್ದೀರಾ?