ಒಬ್ರು ಕಮ್ಮಿ

"ನಿಮ್ಮಲ್ಲಿ ಒಬ್ರು ಕಮ್ಮಿ," ಎಂದ ಆರ್ಡಿತ್‌ಳ ಗುಂಪಿನ ತಲೆ ಎಣಿಸುತ್ತಿದ್ದವನು. ಅಮೆರಿಕದ ಅಯೋವಾ ರಾಜ್ಯದ ಆ ಊರಿನಲ್ಲಿ ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವವರು ಚೀಟಿ ಹಾಕುವುದಿಲ್ಲ. ಶಾಲೆಯ ಆಟದ ಹಾಲ್‌ನಲ್ಲಿ ತಮಗೆ ಬೇಕಾದವರ ಮೂಲೆಗೆ ಹೋಗಿ ನಿಲ್ಲುತ್ತಾರೆ. ಸಾಕಷ್ಟು ಜನರಿಲ್ಲದ ಗುಂಪು ಚದುರಬೇಕು. ಇನ್ಸುಲಿನ್ ಬೆಲೆ ಇಳಿಸುತ್ತೇನೆಂದ ಹೆಂಗಸಿನ ಮೂಲೆಯಲ್ಲಿದ್ದ ಆರ್ಡಿತ್, ಎದುರು ಮೂಲೆಯಲ್ಲಿದ್ದ ಗಂಡ ವರ್ಲಿನ್‌ನನ್ನೇ ನೋಡಿದಳು. ಕೊಳ್ಳಲಾಗದೆ ಇನ್ಸುಲಿನ್ ಅರ್ಧರ್ಧವೇ ಚುಚ್ಚಿಕೊಂಡು ಮಗಳು ಕೆಂಡ್ರಾ ಸತ್ತು ವರ್ಷವೂ ಆಗಿರಲಿಲ್ಲ.

ವರ್ಲಿನ್ ಹೊರಟು ಬಂದ. ಇವಳ ಗುಂಪಿನವರು ಚಪ್ಪಾಳೆ ತಟ್ಟಿದರು. ಆದರೆ ಅವನ ಕೈಯಲ್ಲಿ, ಜನರನ್ನು ಸೆಳೆಯಲು ಅವನ ಗುಂಪು ತಂದಿಟ್ಟಿದ್ದ ಬಿಸ್ಕತ್ತಿನ ತಟ್ಟೆ ಇತ್ತು.

"ತಗೋ. ನಮ್ಮ ಕಡೆ ಬಂದ್ಬಿಡು."

"ನಿನ್ನವನು ಇನ್ಸುಲಿನ್ ಬಗ್ಗೆ ಬಾಯೇ ಬಿಡಲ್ಲ."

"ನಿನ್ನವಳು ಒಳ್ಳೆಯವಳೇ ಕಣೇ, ಯಾರು ಇಲ್ಲ ಅಂದ್ರು? ಆದ್ರೆ ಗೆಲ್ಲಲ್ಲ. ನಮ್ಮವನು ಬುರುಡೆ ಬಿಡ್ತಾನೆ, ಆದ್ರೂ ಗೆಲ್ತಾನೆ. ನಿಮಗೆ ಒಬ್ರು ಕಮ್ಮಿ ಬಿದ್ರೆ ನಾನೇನು ಮಾಡ್ಲಿ?"

ಆರ್ಡಿತ್ ತಟ್ಟೆ ಮುಟ್ಟಲಿಲ್ಲ. ತನ್ನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಖಾಲಿ ಬಿದ್ದಿದ್ದ ಜಾಗವನ್ನು ತೋರಿಸಿ ಮೆಲ್ಲಗೆ ಕೇಳಿದಳು:

"ಆ ಒಬ್ರು ಯಾರು ಅಂತ ನಿಂಗೆ ಗೊತ್ತಿಲ್ವಾ, ವರ್ಲಿನ್?"