ಕಟ್ಟು ಬಿಚ್ಚುವ ದಿನ

"ಫೋಟೋ ಬೇಡ, ಮನುಷ್ಯರನ್ನ ತೋರಿಸಿ," ಎಂದು ಪುಸ್ತಕದಂಗಡಿಯ ಹುಡುಗಿ ಹಾಸಿಗೆಯ ಮೇಲೆ ಹಟ ಹಿಡಿದು ಕೂತಳು. ಅಂಗಡಿಗೆ ಬಿದ್ದ ಬೆಂಕಿಯಲ್ಲಿ ಅವಳ ಎಡಗೆನ್ನೆ ಸುಟ್ಟುಹೋಗಿತ್ತು. ಹೊಸ ಕೆನ್ನೆ ಮಾಡಿಕೊಡುತ್ತೇನೆಂದು ಸರ್ಜನ್ ಎಷ್ಟು ಹೇಳಿದರೂ, ಅವರು ಮಾಡಿದ ಒಂದು ಮುಖವನ್ನಾದರೂ ಕಣ್ಣಾರೆ ನೋಡದೆ ಆಪರೇಷನ್ನಿಗೆ ಸಹಿ ಹಾಕುವುದಿಲ್ಲ ಎಂದಳು. ತಡಮಾಡಿದರೆ ಚರ್ಮ ಬಿಗಿದುಕೊಂಡು ರೆಪ್ಪೆ ಮುಚ್ಚದಂತಾಗಿ, ಎಡಗಣ್ಣೂ ಹೋಗುವುದಿತ್ತು. ಬೇರೆ ದಾರಿ ಕಾಣದೆ ಸರ್ಜನ್, ಹಿಂದೊಮ್ಮೆ ತಾವು ಮುಖ ಮಾಡಿಕೊಟ್ಟಿದ್ದ ವೆಲ್ಡರನಿಗೆ ಫೋನ್ ಮಾಡಿದರು.

ವೆಲ್ಡರನ ಮುಖ ಅವರ ಕೈಯಿಂದ ಬಂದ ಕೆಲಸಗಳಲ್ಲೆಲ್ಲ ಮೇಲು. ಸಿಲಿಂಡರ್ ಸಿಡಿದು ಚಿಂದಿಯಾಗಿದ್ದ ಮುಖಕ್ಕೆ ತೊಡೆಯ ಚರ್ಮ, ಪಕ್ಕೆಲುಬಿನ ಚೂರು ತಂದು ಕೂರಿಸಿದ್ದರು. ಅದರ ಚಿತ್ರ ತೋರಿಸಿದಲ್ಲೆಲ್ಲ ದೊಡ್ಡ ದೊಡ್ಡ ವೈದ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಮುಖದ ಯಜಮಾನನನ್ನು ಮಾತ್ರ, ಆಸ್ಪತ್ರೆಯಿಂದ ಕಳಿಸಿದ ಮೇಲೆ ಒಮ್ಮೆಯೂ ಕರೆಸಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ; ಇವರಿಗೆ ಹೆಗ್ಗಣದ ಫೋಟೋ ಮುದ್ದು.

ವೆಲ್ಡರ್ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದ. ವಾರ್ಡಿನ ಹೊರಗೆ ಸರ್ಜನ್ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹೊಲಿಗೆಯ ಗೆರೆಗಳನ್ನು ನೋಡಿ ತಲೆದೂಗಿದರು.

"ಚೆನ್ನಾಗಿ ಕೂತಿದೆ ಕಣಯ್ಯಾ."

"ಬೆಸುಗೆ ಗಟ್ಟಿಯಾಗೇ ಇದೆ. ಡಾಕ್ಟ್ರೇ, ಒಂದು ಮಾತು. ನನಗೊಂದು ಹೆಣ್ಣು ನೋಡಿ. ಈ ಮುಖ ಕೊಟ್ಟೋರು ನೀವು. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?"

"ನಾನೇನು ಮದುವೆ ದಲ್ಲಾಳಿನಾ?" ಸರ್ಜನ್ ನಕ್ಕರು. "ನಿನಗೇನಪ್ಪಾ ಕಮ್ಮಿ? ಯಾರು ಬೇಕಾದ್ರೂ ಹೆಣ್ಣು ಕೊಡ್ತಾರೆ."

"ಹಾಗಾದ್ರೆ ನಿಮ್ಮ ಕಡೆ ಯಾರಾದ್ರೂ ಇದಾರಾ?"

ಮದುವೆಗೆ ಬೆಳೆದು ನಿಂತ ತಂಗಿಯ ಮಗಳು ಸರ್ಜನ್ನರ ಕಣ್ಣ ಮುಂದೆ ಹಾದುಹೋದಳು. ಅವರು ಕೈಗಡಿಯಾರ ನೋಡಿಕೊಂಡರು.

"ಸುಮ್ನೆ ಕೇಳ್ದೆ, ಗಾಬರಿ ಬೀಳ್ಬೇಡಿ," ಎಂದು ವೆಲ್ಡರನೇ ಅವರನ್ನು ಪಾರುಮಾಡಿ ಬಾಗಿಲು ತಳ್ಳಿದ. ಸರ್ಜನ್ನರಿಗೆ ನಾಚಿಕೆಯಾಯಿತು. ಅದನ್ನು ನುಂಗಿಕೊಂಡು ಹಿಂದೆ ಹೋದರು.

ಹುಡುಗಿ ಅವನನ್ನು ನೋಡಿ ಬೆಚ್ಚಿದಳು, ಬೆಚ್ಚಿದ್ದನ್ನು ಮುಚ್ಚಿಡಲೂ ಇಲ್ಲ. ಆದರೆ ನೋಟ ಕೀಳಲಿಲ್ಲ. ವೆಲ್ಡರ್ ಕುರ್ಚಿ ಎಳೆದುಕೊಂಡು ಅವಳೆದುರೇ ಕೂತ.

"ನಗೋಕೆ ಆಗುತ್ತಾ?" ಎಂದು ಕೇಳಿದಳು.

"ಅರ್ಧ ಆಗುತ್ತೆ. ಉಳಿದರ್ಧ ಎದುರಿಗಿರೋರು ತಿಳ್ಕೋಬೇಕು."

ಅವಳ ಬಲಗೆನ್ನೆ ನಕ್ಕಿತು. "ನಮ್ಮ ಅಂಗಡೀಲಿ ಒಂದು ಹಳೇ ಕಾದಂಬರಿ ಇತ್ತು. ಒಬ್ಬ ಹೆಣದ ಚೂರುಗಳನ್ನ ಹೊಲಿದು ಮನುಷ್ಯನ್ನ ಮಾಡ್ತಾನೆ. ಅದು ಕಣ್ಣು ಬಿಟ್ಟ ಕೂಡ್ಲೇ ಹೆದರಿ ಓಡಿಹೋಗ್ತಾನೆ. ನಿಮ್ಮ ಕಟ್ಟು ಬಿಚ್ಚಿದ ದಿನ ಈ ಡಾಕ್ಟ್ರು ಏನು ಮಾಡಿದ್ರು?"

ಒಂದು ಸುಳ್ಳು ಹೇಳಿಬಿಡಪ್ಪಾ, ಹುಡುಗಿಯ ಕಣ್ಣು ಉಳಿಯಲಿ ಎಂದು ಸರ್ಜನ್ ಮನಸ್ಸಿನಲ್ಲೇ ಬೇಡಿಕೊಂಡರು.

"ಓಡಿಹೋಗ್ಲಿಲ್ಲ," ಎಂದ ವೆಲ್ಡರ್. "ಎಲ್ಲಾ ಕಡೆಯಿಂದ ಫೋಟೋ ತೆಗೆದ್ರು. ಆಮೇಲೆ ಊಟಕ್ಕೆ ಹೊತ್ತಾಯ್ತು ಅಂತ ಹೋದ್ರು. ಕನ್ನಡಿ ನಾನೊಬ್ನೇ ನೋಡ್ಕೊಂಡೆ. ಆದ್ರೆ ಕೈ ಒಳ್ಳೇದಮ್ಮಾ, ಅದ್ರಲ್ಲಿ ಎರಡು ಮಾತಿಲ್ಲ. ಕಣ್ಣು ಉಳಿಸ್ಕೋ, ಸಹಿ ಹಾಕು."

ಹುಡುಗಿ ಪೆನ್ನು ಕೇಳಿ ಇಸಿದುಕೊಂಡು, ಸಹಿ ಹಾಕಿ, ಕಾಗದವನ್ನು ಸರ್ಜನ್ನರ ಕೈಗಿತ್ತಳು.

"ಹೊಲಿಯೋದು ನೀವೇ ಹೊಲೀರಿ ಡಾಕ್ಟ್ರೇ. ಕಟ್ಟು ಬಿಚ್ಚೋ ದಿನ ಇವರು ನನ್ನೆದುರಿಗೆ ಇರ್ಲಿ. ನೀವು ಆರಾಮಾಗಿ ಊಟಕ್ಕೆ ಹೋಗ್ಬಹುದು."