ಸ್ವರದ ಯಜಮಾನ

ಬಾಗಿಲು ಮುಚ್ಚಿಕೊಳ್ಳುವ ಮೊದಲೇ ಪ್ರಫುಲ್ಲಾ ಹೊಸಿಲಿಗೆ ಕಾಲು ಅಡ್ಡವಿಟ್ಟಳು.

"ಮೋಕ್ಷಾಳನ್ನು ನೋಡದೆ ನಾನು ಹೋಗುವುದಿಲ್ಲ."

"ನೀವು ಕಲಿಸಿದ್ದು ಸಾಕು ಟೀಚರೇ. ಹೋಗಿ," ಎಂದ ಭುಜಂಗ. ಆಗಷ್ಟೇ ಮಲ್ಪೆ ಬಂದರಿನಿಂದ ಬಂದಿದ್ದ. ಮಗಳ ಟೀಚರು ಎಂಬ ಮರ್ಯಾದೆ ಅವನ ಕಣ್ಣಲ್ಲಿ ಇಷ್ಟೂ ಇರಲಿಲ್ಲ.

ಸುದ್ದಿ ಮುಟ್ಟಿಸಿದವನು ಮೋಕ್ಷಾಳ ಸಹಪಾಠಿ ಸುಕೇಶ್. "ಎರ್ಮಾಳಿನ ಅವಳ ಮನೆಯಲ್ಲಿ ಸ್ವರವನ್ನೇ ಕಂಪನಿಗೆ ಬರೆದುಕೊಟ್ಟಿದ್ದಾರಂತೆ ಮೇಡಂ." ತರಗತಿಯಲ್ಲಿ ಎಲ್ಲರಿಗಿಂತ ಚೆಂದ ಹಾಡುವ ಹುಡುಗಿ ಮೋಕ್ಷಾ, ಕಾಲೇಜಿಗೆ ಬರುವುದನ್ನೇ ಬಿಟ್ಟಿದ್ದಳು. ಇಂಥ ಕಂಪನಿಗಳ ಕಥೆ ಪ್ರಫುಲ್ಲಾಳಿಗೆ ಗೊತ್ತಿತ್ತು. ಕೂರಿಸಿ ಹಾಡಿಸುತ್ತಾರೆ. ಆಮೇಲೆ ಅದೇ ಸ್ವರದಲ್ಲಿ ಯಂತ್ರ ಹಾಡುತ್ತದೆ, ಬೇಕಾದ ಹಾಡು, ಬೇಕಾದಷ್ಟು. ಸ್ವರ ಕೊಟ್ಟವರು ಮಾತ್ರ ಹೊರಗೆಲ್ಲೂ ಹಾಡುವಂತಿಲ್ಲ.

ಪ್ರಫುಲ್ಲಾ ಮಣಿಪಾಲದ ಕಾಲೇಜೊಂದರಲ್ಲಿ ಮ್ಯೂಸಿಕ್ ಬಿಸಿನೆಸ್ ಕಲಿಸುವವಳು. ಸಿ.ಡಿ. ಕಾಲದ ಅವಳ ಪಾಠ ಯಾರಿಗೂ ಬೇಡವಾಗಿತ್ತು. ಪಾಠ ಬದಲಿಸಿ, ಇಲ್ಲವೇ ವಿಭಾಗ ಮುಚ್ಚುತ್ತೇವೆ ಎಂದಿತ್ತು ಆಡಳಿತ ಮಂಡಳಿ. ಬದಲಿಸಿದಳು. "ಹಾಡುವವರು ಬರೀ ಬಾಡಿಗೆದಾರರು. ಸ್ವರದ ಹಕ್ಕು ಯಾರ ಕೈಯಲ್ಲಿ ಉಂಟೋ ಅವರೇ ಯಜಮಾನರು," ಎಂದು ಈಗ ತರಗತಿ ತರಗತಿಯಲ್ಲೂ ಹೇಳುತ್ತಿದ್ದಳು. ಮುಂದಿನ ಬೆಂಚಿನ ಮೋಕ್ಷಾ ಅದನ್ನು ರೆಪ್ಪೆ ಬಡಿಯದೆ ಕೇಳಿದವಳು. ಅಷ್ಟು ಕೇಳಿಯೂ ಸಹಿ ಹಾಕಿದ್ದಾಳೆಂದರೆ, ಅದು ಈ ಅಪ್ಪನ ಒತ್ತಾಯವಲ್ಲದೆ ಇನ್ನೇನು?

"ಮನೆಯ ಹುಡುಗಿಯ ಗಂಟಲು ಮಾರಿದ್ದೀರಲ್ಲ, ನಾಚಿಕೆ ಆಗುವುದಿಲ್ಲವಾ?"

ಭುಜಂಗ ಬಾಗಿಲಿನಿಂದ ಕೈ ತೆಗೆದ. "ನಾನು ಬೇಡ ಅಂದವನು. ಕೈ ಮುಗಿದು ಹೇಳಿದೆ. ಕೇಳಿದವರು ಯಾರು?"

ಒಳಗಿನ ಕೋಣೆಯಿಂದ ಮೋಕ್ಷಾ ಬಂದಳು. ಕಿವಿಯಲ್ಲಿದ್ದ ಫೋನನ್ನು ಇಳಿಸಿದಳು.

"ಅಪ್ಪನಿಗೆ ಬೈಯಬೇಡಿ ಮೇಡಂ. ಎಲ್ಲ ನೀವು ಹೇಳಿಕೊಟ್ಟ ಹಾಗೆಯೇ ಆಗಿದೆ. ಒಂದು ಷರತ್ತನ್ನೂ ಬಿಟ್ಟಿಲ್ಲ."

ಮಾತು ಚುಚ್ಚಿತು. ಆದರೂ ಪ್ರಫುಲ್ಲಾ ಅವಳ ಭುಜ ಹಿಡಿದಳು. "ಹೆದರಬೇಡ. ಎಲ್ಲಿ, ಒಂದು ಸಾಲು ಹಾಡು. ಯಾರು ತಡೆಯುತ್ತಾರೋ ನೋಡಿಯೇ ಬಿಡುತ್ತೇನೆ."

ಮೋಕ್ಷಾ ಹಾಡಿದಳು. ಭಜನೆಯ ಒಂದು ಸಾಲು, ಯಾವ ಅಳುಕೂ ಇಲ್ಲದೆ. ಯಾರೂ ತಡೆಯಲಿಲ್ಲ. ಮೂಲೆಯ ಮಣೆಯ ಮೇಲೆ ಕೂತಿದ್ದ ಭುಜಂಗನ ತಾಯಿ ಸರಸಳ ತುಟಿಗಳು ಆ ಸಾಲಿನ ಜೊತೆಗೇ ಅಲುಗಿದವು. ತಕ್ಷಣ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅವಳು ಹಾಡಬಹುದು," ಎಂದಳು. "ನಾನು ಹಾಡಬಾರದಂತೆ."

ಪ್ರಫುಲ್ಲಾಳ ಕೈ ಮೋಕ್ಷಾಳ ಭುಜದಿಂದ ಜಾರಿತು. ಮಾರಾಟವಾಗಿದ್ದು ಅಜ್ಜಿಯ ಸ್ವರ!

"ಭಜನಾ ಮಂದಿರದಲ್ಲಿ ಅಮ್ಮ ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಾಕಿದರು," ಎಂದ ಭುಜಂಗ. "ಕಂಪನಿಯವರು ಮರುದಿನವೇ ತೆಗೆಸಿದರು. ಇನ್ನೊಮ್ಮೆ ಹಾಡಿದರೆ ಕೇಸು ಅಂತ ಮಂದಿರಕ್ಕೇ ಬೆದರಿಕೆ ಬಂತು. ಆಮೇಲೆ ಅಮ್ಮ ಅಲ್ಲಿಗೆ ಕಾಲಿಟ್ಟಿಲ್ಲ."

"ಸಹಿ ಹಾಕುವ ಮೊದಲು ಓದಿ ಹೇಳಲಿಲ್ಲವಾ ಯಾರೂ?"

"ನನಗೆ ಓದು ಬಾರದು ಮಗಾ," ಎಂದಳು ಸರಸ. "ಪ್ರೀತಿಯಿಂದ ಕೇಳಿದರು. ನಂಬಿದೆ."

ಈ ಜೀವಕ್ಕೆ ಉಳಿದಿದ್ದದ್ದು ಅದೊಂದು ಹಾಡು. ಅದನ್ನೂ ಕಿತ್ತುಕೊಂಡ ಕೈ ಎಂಥದ್ದಿರಬೇಕು!

"ಎಂಥ ನೀಚ ಅವನು! ಕೋರ್ಟಿಗೆ ಎಳೆಯುತ್ತೇನೆ. ಅವನಿಗೆ ಇಂಥ ಬುದ್ಧಿ ಕಲಿಸಿದವರನ್ನೂ ಬಿಡುವುದಿಲ್ಲ. ಯಾರು ಆ ಕಂಪನಿಯ ಯಜಮಾನ? ಹೆಸರು ಹೇಳಿ!"

ಮೋಕ್ಷಾಳ ಫೋನು ಮತ್ತೆ ರಿಂಗಾಯಿತು. ಅವಳು ಅದನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭುಜಂಗ ಆ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತ.

"ಆ ಹೆಸರು ಇಟ್ಟವನೇ ನಾನು ಟೀಚರೇ," ಎಂದ. "ಮೋಕ್ಷಾ."